ಇನ್ನೊಂದ್ಸಲ ಹೇಳು

ನಮ್ಮ ದೊಡ್ಡತ್ತೆಯ ಬಾಯಲ್ಲಿ ‘ಇನ್ನೊಂದ್ಸಲ ಹೇಳು’ ಎಂಬ ಮಾತು ಬಂದರೆ, ಎದುರಿಗಿದ್ದವರು ಎಲ್ಲೋ ತಪ್ಪಿದ್ದಾರೆಂದೇ ಅರ್ಥ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು ನಿವೃತ್ತರಾದರೂ ಆ ಮಾತು ನಿವೃತ್ತವಾಗಲಿಲ್ಲ. ಕಂಡಕ್ಟರು ನಿಲ್ದಾಣದ ಹೆಸರನ್ನೂ ಡಾಕ್ಟರು ಕಾಯಿಲೆಯ ಹೆಸರನ್ನೂ ಅವರ ಮುಂದೆ ಎರಡು ಸಲ ಒಪ್ಪಿಸಿ ಪಾರಾಗಬೇಕಿತ್ತು. ನಡಿಗೆಯೂ ಹಾಗೆಯೇ, ಸಾಲಾಗಿ ನಿಂತ ಮಕ್ಕಳ ಉಗುರು ನೋಡುತ್ತ ಹೋಗುವವರಂತೆ, ಕೈ ಹಿಂದಕ್ಕೆ ಕಟ್ಟಿ, ತುಸು ಎಡಕ್ಕೆ ವಾಲಿ. ಸೀರೆಯ ಮೇಲೆ ತೀರಿಹೋದ ಅಣ್ಣನ, ಅಂದರೆ ನಮ್ಮ ದೊಡ್ಡಪ್ಪನ, ಬೂದು ಕೋಟು. ತೋಳು ಉದ್ದವಾಗಿ ಬೆರಳ ತುದಿಯಷ್ಟೇ ಕಾಣುತ್ತಿತ್ತು. ಮೊಟಕು ಮಾಡಿ ಹೊಲಿದುಕೊಡುತ್ತೇನೆಂದು ಅಮ್ಮ ಕೇಳಿ ಕೇಳಿ ಸೋತಿದ್ದಳು.

ಅವರನ್ನು ‘ನೀನು’ ಎಂದ ಕಡೆಯವರು ಆ ದೊಡ್ಡಪ್ಪ. ‘ಬಾರೇ, ತಡ ಮಾಡ್ಬೇಡ’ ಎಂದು ಗೇಟಿನಿಂದಲೇ ಕೂಗುತ್ತಿದ್ದರು. ಅಪ್ಪನಿಗೂ ಅಕ್ಷರ ಕಲಿಸಿದವರು ಅತ್ತೆಯೇ ಆದ್ದರಿಂದ ಅವನೂ ‘ಬನ್ನಿ ಅಕ್ಕಾ’ ಎನ್ನುವವನೇ. ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ, ಬಹುವಚನವು ಅವರಿಗೆ ಕುರ್ಚಿ ಹಾಕಿ ಕೂರಿಸಿ, ತಾನು ಸ್ವಲ್ಪ ದೂರ ಸರಿದು ನಿಲ್ಲುತ್ತಿತ್ತು.

ಗುರುವಾರ ಮಾತ್ರ ಅವರು ಹಳೇ ಪಟ್ಟಣದ ಸೂಫಿ ಸಂತರ ದರ್ಗಾಕ್ಕೆ ಹೋಗುತ್ತಿದ್ದರು. ಕಾಲೇಜು ಮುಗಿಸಿ ನಾನೂ ಜೊತೆಗೆ. ಎರಡು ಕೊಡೆಗಳು ಎದುರಾದರೆ ಒಂದನ್ನು ಮಡಚಲೇಬೇಕಾದ ಓಣಿ, ಅತ್ತರಿನ ಅಂಗಡಿಗಳು, ಬೀಗ ರಿಪೇರಿಯವನ ಸುತ್ತಿಗೆಯ ಸದ್ದು, ಕೊನೆಗೆ ಜನರ ಪಾದಗಳಿಂದಲೇ ನುಣುಪಾದ ಹೊಸ್ತಿಲು. ಅಲ್ಲಿ ಕೂತಿರುತ್ತಿದ್ದ, ದರ್ಗಾ ನೋಡಿಕೊಳ್ಳುವ ಮುದಿ ಮುಜಾವರರು, ಬಂದವರ ತಲೆಯ ಮೇಲೆ ನವಿಲುಗರಿಯ ಕಟ್ಟು ಆಡಿಸುತ್ತ, ಎಲ್ಲರನ್ನೂ ಏಕವಚನದಲ್ಲೇ ಗದರುತ್ತಿದ್ದರು.

“ಮತ್ತೆ ತಡ ಮಾಡಿದ್ಯಾ? ಬಾ ಮಗಳೇ, ಬಾ. ಚಪ್ಪಲಿ ಆ ಕಡೆ ಇಡು. ಬಾಗಿಲಿಗೆ ಅಡ್ಡ ಬಿಡೋಕೆ ನೀನೇನು ಮಹಾರಾಣಿನಾ?”

ಊರನ್ನೆಲ್ಲ ಗದರಿಸಿದ್ದ ದೊಡ್ಡತ್ತೆ ಬಗ್ಗಿ ಚಪ್ಪಲಿ ಎತ್ತಿಡುತ್ತಿದ್ದರು. ಬರುಬರುತ್ತ ಬೇಕೆಂದೇ ಅಡ್ಡ ಬಿಡುತ್ತಿದ್ದರೇನೋ ಎಂದು ನನಗೆ ಅನುಮಾನ.

“ಏನ್ ಬೇಡ್ಕೊಂಡ್ರಿ ಅತ್ತೆ?” ಎಂದು ಒಮ್ಮೆ ಕೇಳಿದ್ದೆ.

“ಬೇಡೋಕಲ್ಲ ಕಣೇ, ಬೈಸ್ಕೊಳ್ಳೋಕೆ ಬರೋದು. ನಿಮ್ಮನೇಲಿ ಆ ಸೌಕರ್ಯ ಇಲ್ವಲ್ಲ.”

ಈ ಚಳಿಗಾಲದಲ್ಲಿ ಅವರು ಕಾಯಿಲೆ ಬಿದ್ದು ಕೆಲವು ವಾರ ಹೋಗಲಾಗಲಿಲ್ಲ. ಮತ್ತೆ ಹೋದಾಗ ಹೊಸ್ತಿಲಲ್ಲಿ ಮುಜಾವರರ ಮಗ ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

“ಬನ್ನಿ ಟೀಚರಮ್ಮ. ಅಪ್ಪ ಹೋಗ್ಬಿಟ್ರು. ಚಪ್ಪಲಿ ಅಲ್ಲೇ ಬಿಡಿ, ನೀವ್ಯಾಕೆ ಬಗ್ತೀರ, ನಾನು ಎತ್ತಿಡ್ತೀನಿ.”

ಎತ್ತಿಯೂ ಇಟ್ಟ. ಅಷ್ಟು ಮರ್ಯಾದೆಯನ್ನು ಹೊರಲಾರದವರಂತೆ ದೊಡ್ಡತ್ತೆ ಒಳಗೂ ಹೋಗದೆ ಮೆಟ್ಟಿಲ ಮೇಲೆ ಕುಸಿದರು. ಜಾಲರಿ ಕಿಟಕಿಯಿಂದ ಲೋಬಾನದ ಹೊಗೆ ಹೊರಬಂದು ಕೋಟಿನ ಸುತ್ತ ಸುಳಿಯುತ್ತಿತ್ತು. ತೋಳಿನೊಳಗೆ ಬೆರಳ ತುದಿಯೂ ಕಾಣುತ್ತಿರಲಿಲ್ಲ. ಏಳಿ, ಹೊತ್ತಾಯಿತು, ಎಂದೆ. ಕೇಳಿಸಲಿಲ್ಲವೋ ಏನೋ.

ನಾನು ಕೈ ಚಾಚಿದೆ. “ಬಾ ಅತ್ತೆ. ಎಷ್ಟೊತ್ತು ಕೂತಿರ್ತೀಯ? ಏಳು.”

ಅವರು ತಲೆ ಎತ್ತಿದರು.

“ಇನ್ನೊಂದ್ಸಲ ಹೇಳು.”

ನಾಲಿಗೆ ಕಚ್ಚಿಕೊಂಡು ತಿದ್ದಿಕೊಳ್ಳಹೊರಟವಳು ಅವರ ಮುಖ ನೋಡಿ ತಡೆದೆ.

“ಬಾ,” ಎಂದೆ.

ಕೋಟಿನ ತೋಳಿನಿಂದ ಬೆರಳುಗಳು ಹೊರಬಂದು ನನ್ನ ಕೈ ಹಿಡಿದವು.

ಮನೆಗೆಲ್ಲ ಹಿರಿಯರಾಗಿ ಉಳಿದವರು ಸಂತರ ಬಳಿ ಹೋಗುವುದು ಬಹುಶಃ ಇದಕ್ಕೇ: ನೂರಾರು ವರ್ಷ ಹಿರಿಯರೊಬ್ಬರು ಅಲ್ಲಿ ಮಲಗಿದ್ದಾರೆ, ಅವರೆದುರು ಎಂಥ ನರೆತ ತಲೆಯೂ ತಡವಾಗಿ ಮನೆಗೆ ಬಂದ ಕಿರಿಮಗು.