ಎಡಗೈಗೊಂದು ಮೌಸ್

ಕೈ ಮುರಿದದ್ದು ನನ್ನದು, ಬುದ್ಧಿ ಹೇಳುವ ಹಕ್ಕು ಮಾತ್ರ ಊರವರಿಗೆಲ್ಲ. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚುವ ಹೊತ್ತಿಗೆ ಮೂಳೆಯೇನೋ ಕೂಡಿತ್ತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಇನ್ನು ಇಷ್ಟೇ, ಇದಕ್ಕಿಂತ ಸರಿಹೋಗುವುದಿಲ್ಲ ಎಂದು ಡಾಕ್ಟರ್ ಕೈತೊಳೆದುಕೊಂಡರು.

ಅಣ್ಣನ ಮುದ್ರಣಾಲಯದಲ್ಲಿ ಪುಟ ವಿನ್ಯಾಸದ ಕೆಲಸ ನನ್ನದು. ಅಕ್ಷರ, ಚಿತ್ರ, ಶೀರ್ಷಿಕೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅದರದರ ಜಾಗದಲ್ಲಿ ಕೂರಿಸಬೇಕು. ಮೌಸ್ ಹಿಡಿಯಲಾಗದವಳು ಅದನ್ನು ಹೇಗೆ ಮಾಡುತ್ತಾಳೆ?

"ನೀನು ಮುಂದೆ ಕೌಂಟರಲ್ಲಿ ಕೂತ್ಕೊಂಡು ಬಂದೋರನ್ನ ಮಾತಾಡಿಸು, ಸಾಕು. ಸೋಮವಾರದಿಂದ ಪುಟದ ಕೆಲಸಕ್ಕೆ ಬೇರೆಯವರು ಬರ್ತಾರೆ," ಎಂದ ಅಣ್ಣ.

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಇನ್ನೊಂದು ಕೈ ಇದೆಯಲ್ಲ, ಅದೇನು ಅಂದಕ್ಕೆ ಇಟ್ಕೊಂಡಿರೋದಾ?"

"ಹಠ ಬಿಡು, ಪುಟ್ಟಿ."

ನಾನು ಹಠ ಬಿಡುವ ಪೈಕಿ ಅಲ್ಲ. ಶನಿವಾರ ಅತ್ತಿಗೆಯನ್ನು ಹೊರಡಿಸಿಕೊಂಡು ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದೆ. ವೈರ್ ಇಲ್ಲದ ಕೀಬೋರ್ಡ್, ಮೌಸ್ ತೋರಿಸಿ ಎಂದೆ. ಹಳೆಯ ಕೀಬೋರ್ಡಿನ ವೈರು ಮಣಿಕಟ್ಟಿಗೆ ತಗುಲಿದರೂ ಸಾಕು, ಜೀವ ಹೋಗುವಷ್ಟು ನೋಯುತ್ತಿತ್ತು.

ಅಂಗಡಿಯವನು ಮಿರಿಮಿರಿ ಮಿಂಚುವ ಮೌಸೊಂದನ್ನು ಮುಂದಿಟ್ಟ. ಅದು ಬಲ ಅಂಗೈಗೆ ತಕ್ಕಂತೆ ಬಾಗಿತ್ತು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಜಾಗವೇ ಇಲ್ಲ.

"ಎಡಗೈಗೆ ಅಂತ ಬೇರೆ ನಮ್ಮಲ್ಲಿಲ್ಲ ಮೇಡಂ. ಅಭ್ಯಾಸ ಆಗುತ್ತೆ," ಎಂದ.

"ನೀವು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಒಂದು ವಾರ ಓಡಾಡಿ. ಅಭ್ಯಾಸ ಆದ್ರೆ ಹೇಳಿ ಕಳಿಸಿ, ಬಂದು ಈ ಮೌಸನ್ನೇ ತಗೊಂಡು ಹೋಗ್ತೀನಿ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಂಗಡಿಯವನು ಪಾಪ, ಡಬ್ಬಿಗಳನ್ನು ಇಳಿಸತೊಡಗಿದ. ಒಂದು ಕಲ್ಲಿನಷ್ಟು ಭಾರ. ಇನ್ನೊಂದರ ಬಟನ್ ಒತ್ತಲು ಕುಸ್ತಿ ಹಿಡಿಯಬೇಕು. ಮತ್ತೊಂದು ಎಷ್ಟು ಪುಟ್ಟದೆಂದರೆ ಅಂಗೈಯಲ್ಲಿ ಕಳೆದೇಹೋಗುತ್ತಿತ್ತು. ನಾನು ಸ್ಟೂಲ್ ಎಳೆದುಕೊಂಡು ಕೂತು ಒಂದೊಂದನ್ನೂ ಉಜ್ಜಿ, ಒತ್ತಿ ನೋಡಿದೆ. ಕೊನೆಗೆ ಒಳಗಿನ ಬೀರುವಿನಿಂದ ಎರಡೂ ಪಕ್ಕ ಒಂದೇ ಥರ ಇರುವ, ಮಾಸಲು ಬೂದಿ ಬಣ್ಣದ ಮೌಸ್ ಬಂತು. ಎಡಗೈ ಅದರ ಮೇಲೆ ನಿರಾಳವಾಗಿ ಕೂತಿತು.

"ಇದಾ? ಮುಖದಲ್ಲಿ ಕಳೆನೇ ಇಲ್ವಲ್ಲೇ," ಎಂದಳು ಅತ್ತಿಗೆ.

"ಮುಖ ನೋಡೋಕೆ ಇದೇನು ಅಳಿಯನಾ ಅತ್ತಿಗೆ?"

ಕೀಬೋರ್ಡಿನಲ್ಲೂ ಅಷ್ಟೇ ಜಗ್ಗಾಟ. ಬಲಬದಿಯಲ್ಲಿ ಅಂಕಿಗಳ ಸಾಲಿಲ್ಲದ ಗಿಡ್ಡದೇ ಬೇಕೆಂದೆ, ತೊಡೆಯ ಮೇಲಿಟ್ಟುಕೊಳ್ಳಬಹುದೆಂದು. ಕೀಲಿಗಳು ನನ್ನ ಸೋತ ಬೆರಳಿಗೂ ಓಗೊಡುವಷ್ಟು ಮೃದುವಾಗಿದ್ದವು.

ಭಾನುವಾರ ಮುದ್ರಣಾಲಯಕ್ಕೆ ರಜೆ. ಅತ್ತಿಗೆ ಅಣ್ಣನಿಗೆ ಹೇಳದೆ ಬೀಗದ ಕೈ ತಂದುಕೊಟ್ಟಳು. ನಾನು ಮೌಸಿನ ಎರಡು ಬಟನ್‌ಗಳ ಕೆಲಸವನ್ನು ಅದಲುಬದಲು ಮಾಡಿದೆ. ಈಗ ಎಡಗೈ ತೋರುಬೆರಳು ಒತ್ತಿದರೆ ಬೇಕಾದ್ದು ಸಿಗಬೇಕು. ಸಿಗಬೇಕು ನಿಜ, ಕೈ ಕೇಳಬೇಕಲ್ಲ! ಗೆರೆ ಇಲ್ಲಿಗೆ ಬಾ ಎಂದರೆ ಅಲ್ಲಿಗೆ ಹೋಗುತ್ತಿತ್ತು. ಮಧ್ಯಾಹ್ನ ಸಿಟ್ಟಿಗೆ ಅಳುವೇ ಬಂತು. ಅತ್ತುಬಿಟ್ಟೆ, ಮೂಗೊರೆಸಿಕೊಂಡೆ, ಮತ್ತೆ ಕೂತೆ. ಸಂಜೆಯ ಹೊತ್ತಿಗೆ ಒಂದು ಪುಟ ನೆಟ್ಟಗೆ ನಿಂತಿತು.

ಸೋಮವಾರ ಅಣ್ಣ ಬರುವ ಮೊದಲೇ ನಾನು ಕುರ್ಚಿ ಹಿಡಿದಿದ್ದೆ. ಅವನ ಬೆನ್ನಿಗೇ ಭೂಗೋಳದ ಮೇಷ್ಟ್ರು ಬಂದರು. ಅವರ ಪುಸ್ತಕದ ನಕ್ಷೆಯಲ್ಲಿ ನದಿಯ ಹೆಸರು ಕೊಂಚ ಮೇಲಕ್ಕೆ ಹೋಗಬೇಕಿತ್ತು.

"ಏಳು, ಮೇಷ್ಟ್ರು ಕಾಯ್ತಿದಾರೆ. ನಾನೇ ಮಾಡಿಕೊಡ್ತೀನಿ," ಎಂದ ಅಣ್ಣ.

ಎದ್ದೆ. ಅವನು ಕೂತು ಮೌಸನ್ನು ಬಲಕ್ಕೆ ಎಳೆದುಕೊಂಡ. ಒತ್ತಿದರೆ ಏನೋ ಆಯ್ಕೆಗಳ ಪಟ್ಟಿ ತೆರೆದುಕೊಂಡಿತು. ಮತ್ತೆ ಒತ್ತಿದ, ಮತ್ತೆ ಅದೇ. ರೇಗಿ ಎರಡೂ ಬಟನ್ ಅದುಮಿ ಎಳೆದ. ಹೆಸರು ಹಾರಿಹೋಗಿ ಸಮುದ್ರಕ್ಕೆ ಬಿತ್ತು.

"ನದಿ ಸಮುದ್ರ ಸೇರೋದು ಸರಿ, ಹೆಸರೂ ಯಾಕೆ ಸೇರ್ತಿದೆ?" ಎಂದರು ಮೇಷ್ಟ್ರು.

"ಮೌಸ್ ಕೆಟ್ಟಿದೆ."

"ಕೆಟ್ಟಿಲ್ಲಣ್ಣ. ನನ್ನ ಎಡಗೈಗೆ ಹೊಂದಿಸಿದ್ದೀನಿ."

"ಮೊದಲಿನ ಹಾಗೆ ಮಾಡು. ಹೊಸಬರು ಬರೋ ಹೊತ್ತಾಯ್ತು."

"ಮಾಡಲ್ಲ."

ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಹೆದರಿದ್ದ. "ಆ ಕೈಯೂ ಕೆಟ್ಟರೆ ಏನು ಮಾಡ್ತೀಯೇ?" ಎಂದ ಮೆಲ್ಲಗೆ.

"ಆಗ ಅಳ್ತೀನಿ. ಈಗಲೇ ಯಾಕೆ ಮೂಲೇಲಿ ಕೂರಿಸ್ತೀಯ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೀಗ ಯಾರಿಗೆ ಹೇಳ್ಬೇಕಪ್ಪ?"

ಅಣ್ಣ ಎದ್ದು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಮೌಸನ್ನು ತಾನೇ ಎತ್ತಿ ಎಡಗಡೆ ಇಟ್ಟ.

"ಇವಳಿಗೆ ಹೇಳಿ ಮೇಷ್ಟ್ರೇ. ಪುಟದ ಕೆಲಸ ಇವಳದು."

ಹೊಸಬರಿಗೆ ಬರುವುದು ಬೇಡವೆಂದು ಹೇಳಲು ಅವನು ಫೋನ್ ಹಿಡಿದು ಹೊರಗೆ ಹೋದ. ಒದ್ದೆಯಾದ ಕಣ್ಣು ಮೇಷ್ಟ್ರಿಗೆ ಕಾಣದಂತೆ ಮುಖವನ್ನು ಪರದೆಯ ಹತ್ತಿರ ತಂದೆ. ಹೆಸರನ್ನು ಸಮುದ್ರದಿಂದ ಎಳೆದು ತಂದು ನದಿಯ ಪಕ್ಕ ಕೂರಿಸಿದೆ.

"ಇನ್ನೊಂಚೂರು ಮೇಲೆ," ಎಂದರು ಮೇಷ್ಟ್ರು.