ಆಯಿಲ್ ಏರುವ ತನಕ

"ಹ್ಯಾಂಡಲ್ ಬಿಡು, ಶಂಕರ."

ಟ್ರ್ಯಾಕ್ಟರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಕಾಲೂರಿ ನಿಂತಿದ್ದ ಶಂಕರೆಪ್ಪ ತಲೆ ಎತ್ತಿದ. ಅತ್ತಿಗೆ ಸುಗಲಾಬಾಯಿ ಎದುರಿಗೆ ಬಂದು ನಿಂತಿದ್ದಳು. ಹಿಂದಿನ ಟ್ರಾಲಿಯಲ್ಲಿ ಅವಳ ಗಂಡ ಸಾತಲಿಂಗಪ್ಪನ ಹೆಣ, ಹಣೆತುಂಬ ವಿಭೂತಿ, ಕೊರಳತುಂಬ ಚೆಂಡು ಹೂ. ಭಜನೆಯವರು ತಾಳ ನಿಲ್ಲಿಸಿದರು.

"ಹೊತ್ತು ಇಳ್ಯಾಕತ್ತೈತಿ, ವೈನಿ. ಮುಳುಗೂದ್ರಾಗ ಮಣ್ಣು ಆಗಬೇಕು."

"ನಿಮ್ಮಣ್ಣ ಆಯಿಲ್ ಹಾಕಿದ್ದು ನಿನ್ನಿ ಸಂಜಿಗೆ. ಅದಿನ್ನೂ ತಳದಾಗ ಐತಿ, ಮ್ಯಾಲ ಏರಿಲ್ಲ. ಒಣ ಇಂಜಿನ್ ಚಾಲೂ ಮಾಡಿದ್ರ ಬೇರಿಂಗ್ ಸುಡ್ತಾವ."

ಕುಂಭಾರಿ ಊರಿನಲ್ಲಿ ಆ ಟ್ರ್ಯಾಕ್ಟರನ್ನು ನೋಡಿ ನಗದವರಿರಲಿಲ್ಲ. ಸ್ವಾತಂತ್ರ್ಯಕ್ಕೂ ಮೊದಲಿನದು. ಸೊಲ್ಲಾಪುರದ ಗುಜರಿಯಿಂದ ಎರಡು ಜೋಡಿ ಎತ್ತು ಕಟ್ಟಿ ಎಳೆಸಿ ತಂದು, ಸಾತಲಿಂಗಪ್ಪ ಮೂರು ವರ್ಷ ಅದನ್ನು ಬಿಚ್ಚಿದ, ಜೋಡಿಸಿದ. "ನಾಳಿ ಇದರ ಮ್ಯಾಲ ಹೊಲಕ್ಕ ಹೋಗೋಣು" ಎಂದು ನಿನ್ನೆ ಮಲಗಿದವನು ಬೆಳಗ್ಗೆ ಏಳಲಿಲ್ಲ. ಅಣ್ಣನನ್ನು ಹೊಲಕ್ಕೆ ಇದರಲ್ಲೇ ಒಯ್ಯಬೇಕೆಂದು ಹಟ ಹಿಡಿದವನು ಶಂಕರೆಪ್ಪ.

ಹಿರಿಯ ಖಂಡಪ್ಪ ಕಾಕಾನಿಗೆ ತಾಳ್ಮೆ ತಪ್ಪಿತು. "ಹ್ವಾದ ವರ್ಷ ಒಣ ಇಂಜಿನ್ ತಿರುವಿ ಸುಟ್ಟಾಂವ ಈ ಸಾತಲಿಂಗಪ್ಪನ ಅಲ್ಲೇನು? ಇವ ಕಲಿಸಿದ ಮಾತು ಹಿಡಕೊಂಡು ಹೆಣ ಕಾಯಿಸ್ತಿಯೇನ್ವಾ? ಹೆಗಲ ಕೊಡ್ರಿ, ನಡೀರಿ."

ಸುಗಲಾಬಾಯಿ ಮೈದುನನನ್ನು ನೋಡಿದಳು. ಅವನು ನೆಲ ನೋಡಿದ.

*

ಹೋದ ವರ್ಷ ಸಾತಲಿಂಗಪ್ಪ ಅಕ್ಕಲಕೋಟಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಇಂಜಿನ್ ಓಡುತ್ತಿರಬೇಕೆಂಬ ಆಸೆ ಶಂಕರೆಪ್ಪನಿಗೆ. ಆಯಿಲ್ ನೋಡದೆಯೇ ಹ್ಯಾಂಡಲ್ ತಿರುವಿದ. ಇಂಜಿನ್ ಅಬ್ಬರಿಸಿತು, ಕಿರುಚಿತು, ಒಳಗೇ ಬಿಗಿದುಕೊಂಡು ನಿಂತುಬಿಟ್ಟಿತು.

ಸದ್ದಿಗೆ ಜನ ಸೇರುವ ಮೊದಲೇ, ಆಗಷ್ಟೇ ಅಕ್ಕಲಕೋಟದಿಂದ ಮರಳಿದ್ದ ಸಾತಲಿಂಗಪ್ಪ ಹಿತ್ತಲಿನಿಂದ ಬಂದಿದ್ದ. ತಮ್ಮನ ಕೈಯಿಂದ ಹ್ಯಾಂಡಲ್ ಕಸಿದುಕೊಂಡು, ಸೇರಿದವರಿಗೆ, "ನಂದ ತಪ್ಪಾತು, ಆಯಿಲ್ ಮರತೆ" ಎಂದ. ಒಳಗೆ ಬಂದು ಹೆಂಡತಿಗೆ, "ಅಂವಾ ಇನ್ನೂ ಹುಡುಗ. ಇದ ಊರಾಗ ಬಾಳಬೇಕು" ಎಂದನಷ್ಟೇ.

ಆಮೇಲೆ ಒಂದು ವರ್ಷ ಊರು ಅವನನ್ನು ಬಿಡಲಿಲ್ಲ. ಹೋಟೆಲಿನಲ್ಲಿ ಕೂತರೆ, "ಚಹಾಕ್ಕ ಆಯಿಲ್ ಹಾಕ್ಲೇನು, ಸಾತಲಿಂಗಪ್ಪ?" ಎನ್ನುತ್ತಿದ್ದರು. ಅವನೂ ನಕ್ಕು ಬಿಡುತ್ತಿದ್ದ.

*

"ಕಾಕಾ," ಎಂದ ಶಂಕರೆಪ್ಪ. "ಅಣ್ಣ ಸುಟ್ಟಿಲ್ಲ. ನಾ ಸುಟ್ಟೀನಿ."

ಹೆಗಲ ಕೊಡಲು ಬಂದವರನ್ನು ಖಂಡಪ್ಪ ಕೈಸನ್ನೆಯಿಂದ ಹಿಂದೆ ಸರಿಸಿದ.

"ಪೆಟ್ರೋಲ್ ಬಂದ್ ಮಾಡು, ಪ್ಲಗ್ ಬಿಚ್ಚು" ಎಂದಳು ಸುಗಲಾಬಾಯಿ. ಮೂರು ವರ್ಷ ಗಂಡನ ಪಕ್ಕ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತವಳು ಇಂಜಿನ್ನಿನ ಮೇಲಿನ ಮುಚ್ಚಳ ತಾನೇ ತೆಗೆದಳು. "ಈಗ ಇಂಜಿನ್ ಚಾಲೂ ಆಗೂದಿಲ್ಲ, ಬರೇ ತಿರುವು. ಇಲ್ಲಿಗಿ ಆಯಿಲ್ ಬರೂತನಾ ತಿರುವು."

ಶಂಕರೆಪ್ಪ ತಿರುವಿದ. ಬಿಸಿಲು ಗೋಡೆಯಿಂದ ಮಾಳಿಗೆಗೆ ಏರಿತು.

"ಬಂತೇನ್ರಿ, ವೈನಿ?"

"ಇಲ್ಲ."

ಅಂಗೈ ಬೊಬ್ಬೆ ಒಡೆದವು. "ಸರಿಯೋ, ದಣದಿ" ಎಂದು ಖಂಡಪ್ಪ ಬಂದು ಹ್ಯಾಂಡಲಿಗೆ ಕೈ ಹಚ್ಚಿದ. ಶಂಕರೆಪ್ಪ ಬಿಡಲಿಲ್ಲ. ಇಬ್ಬರೂ ತಿರುವಿದರು.

ಸುಗಲಾಬಾಯಿ ಬಗ್ಗಿದಳು. ಮುಚ್ಚಳದಡಿಯ ತೂತಿನಲ್ಲಿ ಜೇನಿನ ಬಣ್ಣದ ಒಂದು ಹನಿ ಮೂಡಿತು, ಹಿಂದೆಯೇ ಇನ್ನೊಂದು.

"ಬಂತು" ಎಂದಳು. ಬೆಳಗಿನಿಂದ ಅಳದವಳು ಆಗ ಅತ್ತಳು.

ಪ್ಲಗ್ ಹಾಕಿ, ಪೆಟ್ರೋಲ್ ಬಿಟ್ಟು ಶಂಕರೆಪ್ಪ ಹ್ಯಾಂಡಲ್ ಎಳೆದ. ಎರಡನೇ ಸಲಕ್ಕೆ ಇಂಜಿನ್ ಚಾಲೂ ಆಯಿತು. ಎಲ್ಲರೂ ಆಯಿಲ್ ಮೀಟರಿನ ಮುಳ್ಳನ್ನೇ ನೋಡಿದರು. ಅದು ಮೆಲ್ಲಗೆ ಏರಿ ನಿಂತಿತು.

ಹೊಲ ಮುಟ್ಟಿದಾಗ ಹೊತ್ತು ಇನ್ನೂ ಒಂದು ಗೇಣು ಮೇಲಿತ್ತು. ಸಾತಲಿಂಗಪ್ಪನನ್ನು ಕುಣಿಯಲ್ಲಿ ಕೂರಿಸಿದರು. ಪತ್ರಿ ಹಾಕುವ ಸರದಿ ಬಂದಾಗ ಶಂಕರೆಪ್ಪ ಇಂಜಿನ್ನಿನ ಎಣ್ಣೆ ಮೆತ್ತಿದ ತನ್ನ ಕೈ ನೋಡಿಕೊಂಡು, ಧೋತರದ ಅಂಚಿಗೆ ಒರೆಸಲು ಹೋದ.

"ಒರಸಬ್ಯಾಡ" ಎಂದಳು ಸುಗಲಾಬಾಯಿ. "ಅದ ಕೈಲೇ ಹಾಕು."

ಬಿಲ್ವಪತ್ರಿ ಅಣ್ಣನ ಮಡಿಲಿಗೆ ಬಿತ್ತು. ನಡುವಿನ ಎಲೆಯ ಮೇಲೆ ಹೆಬ್ಬೆರಳಿನ ಗುರುತು ಎಣ್ಣೆಯಲ್ಲಿ ಮೂಡಿತ್ತು.