ಕದ್ದು ನೋಡಿದ ಸಂಬಂಧ

ಆ ಸಂಬಂಧ ಬಂದ ದಿನದಿಂದ ರಾಯಲ್ಪಾಡಿನ ರಾಮಲಕ್ಷ್ಮಮ್ಮನಿಗೆ ನೆಮ್ಮದಿಯಿರಲಿಲ್ಲ. ಮಗಳು ಸುಗುಣಾಳಿಗೆ ಚಿತ್ತೂರಿನ ಗಂಡು. ಹೆಸರು ಮುನಿಕೃಷ್ಣ. ಮೋಟಾರು ವೈಂಡಿಂಗ್ ಮಾಡುವ ಸ್ವಂತ ಅಂಗಡಿ, ಅದರ ಹಿಂದೆಯೇ ಮನೆ. ಒಬ್ಬನೇ ಮಗ, ತಾಯಿ ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಇಷ್ಟೆಲ್ಲ ಇದ್ದೂ ವರದಕ್ಷಿಣೆ ಬೇಡ, ಹುಡುಗಿ ಕೊಟ್ಟರೆ ಸಾಕು ಅಂದಿದ್ದರಂತೆ. ಸಂಬಂಧ ತಂದ ದೊಡ್ಡವೆಂಕಟಪ್ಪ ಇದನ್ನು ಹೇಳುವಾಗ ಅವಳ ಮುಖ ನೋಡದೆ ಅಂಗಳದ ಕೋಳಿಗಳನ್ನು ನೋಡುತ್ತಿದ್ದ.

"ಏನೂ ಬೇಡ ಅಂತಾರೆ ಅಂದ್ರೆ ಏನೋ ಇದೆ" ಎಂದು ಅವಳು ಗಂಡನಿಗೆ ಹೇಳಿದಳು.

"ಸುಮ್ನಿರೇ, ಲೋಕದಲ್ಲಿ ಒಳ್ಳೇ ಜನ ಇರಲ್ವಾ?" ಅಂದ ಕೋದಂಡರಾಮಪ್ಪ.

ಅವಳು ಹುತ್ತೂರಿನ ಅಕ್ಕನಿಗೆ ಹೇಳಿ ಕಳಿಸಿದಳು. ಅಕ್ಕ ಅಶ್ವತ್ಥಮ್ಮ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಣ್ಣನ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಕೆಲಸವೆಲ್ಲ ಅವಳದೇ. ವಿಷಯ ಕೇಳಿದವಳೇ ಉಪಾಯವನ್ನೂ ಹೇಳಿದಳು: "ಶುಕ್ರವಾರ ಅವರು ಹುಡುಗಿ ನೋಡೋಕೆ ಬರ್ತಾರಲ್ಲ, ಅದಕ್ಕೆ ಮುಂಚೆ ನಾವೇ ಹೋಗಿ ನೋಡ್ಕೊಂಡು ಬರಾಣ. ನಮ್ಮ ಮುಖ ಅವರಿಗೆಲ್ಲಿ ಗೊತ್ತು?"

ಎಂಬತ್ತನಾಲ್ಕನೇ ಇಸವಿಯ ಮಾವಿನ ಸುಗ್ಗಿ ಅದು. ರಾಮಲಕ್ಷ್ಮಮ್ಮನ ತೋಪಿನ ತೋತಾಪುರಿ ಕದಿರಪ್ಪನ ಲಾರಿಯಲ್ಲಿ ಚಿತ್ತೂರಿನ ಜ್ಯೂಸ್ ಫ್ಯಾಕ್ಟರಿಗೆ ಹೋಗುತ್ತಿತ್ತು. ಅಕ್ಕನ ಮಂಡಿನೋವಿಗೆ ನಾಟಿ ವೈದ್ಯರನ್ನು ನೋಡಬೇಕು ಎಂದು ಗಂಡನಿಗೆ ಹೇಳಿ ಅವಳು ಆ ಲಾರಿ ಹತ್ತಿದಳು. ಮುಳಬಾಗಿಲಿನಲ್ಲಿ ಅಶ್ವತ್ಥಮ್ಮ ಗೋಣಿಚೀಲವೊಂದನ್ನು ತಬ್ಬಿಕೊಂಡು ರಸ್ತೆ ಬದಿ ಕಾಯುತ್ತಿದ್ದಳು. ಚೀಲದಲ್ಲಿ ಹುಳುಮನೆಯ ಸುಟ್ಟುಹೋದ ಟೇಬಲ್ ಫ್ಯಾನು.

"ಫ್ಯಾನ್ ರಿಪೇರಿಗೆ ಚಿತ್ತೂರಿಗಾ ಅಕ್ಕಾ?" ಕದಿರಪ್ಪ ನಕ್ಕ. "ಕೋಲಾರದಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ರಾ?"

"ಅಲ್ಲಿ ಚೆನ್ನಾಗಿ ಮಾಡ್ತಾರಂತೆ. ನೀನು ರಸ್ತೆ ನೋಡಪ್ಪ."

ನಂಗಲಿ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತಾಗ ಕದಿರಪ್ಪ ಕಾಗದಪತ್ರ ಹಿಡಿದು ಇಳಿದುಹೋದ. ಅಕ್ಕತಂಗಿ ಪಿಸುಮಾತಿಗೆ ತೊಡಗಿದರು.

"ಕುಡೀತಾನೇನೋ" ಅಂದಳು ರಾಮಲಕ್ಷ್ಮಮ್ಮ.

"ಕುಡಿಯೋನು ದುಡ್ಡು ಬೇಡ ಅಂತಾನಾ? ಮೂರ್ಛೆ ರೋಗ ಇರಬಹುದು. ಇಲ್ಲಾಂದ್ರೆ ಯಾರನ್ನೋ ಇಟ್ಕೊಂಡಿರಬಹುದು."

ಪಲಮನೇರು ದಾಟಿ ಘಾಟಿ ಇಳಿಯುವಷ್ಟರಲ್ಲಿ ಗಂಡಿನ ಮೇಲೆ ಇಬ್ಬರೂ ಹೊರಿಸದ ರೋಗವಿರಲಿಲ್ಲ, ಚಟವಿರಲಿಲ್ಲ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮುನಿಕೃಷ್ಣ ಒಬ್ಬನೇ ಕೂತು ಮೋಟಾರಿಗೆ ತಂತಿ ಸುತ್ತುತ್ತಿದ್ದ. ಕೈತುಂಬ ವಾರ್ನಿಷ್. ಫ್ಯಾನ್ ಬಿಚ್ಚಿ ನೋಡಿ, "ಕಾಯಿಲ್ ಸುಟ್ಟಿದೆ. ಸಾಯಂಕಾಲಕ್ಕೆ ಕೊಡ್ತೀನಿ" ಎಂದು ತೆಲುಗಿನಲ್ಲಿ ಹೇಳಿದ. ಅಕ್ಕತಂಗಿಗೆ ತೆಲುಗು ಕನ್ನಡದಷ್ಟೇ ಸಲೀಸು.

"ಯಾವ ಊರಮ್ಮಾ?"

"ಹುತ್ತೂರು."

"ಕೋಲಾರದ ಕಡೆಯದಾ?" ಅವನ ಕೈ ಅರೆಗಳಿಗೆ ನಿಂತಿತು. ಮತ್ತೆ ಏನೂ ಕೇಳದೆ, ಬಿಸಿಲಲ್ಲಿ ಯಾಕೆ, ಒಳಗೆ ಕೂತ್ಕೊಳ್ಳಿ ಎಂದು ಅವರನ್ನು ಬಿಟ್ಟು ತಾನು ಮೊದಲು ಒಳಗೆ ಹೋಗಿ ಬಂದ. ಅದು ರಾಮಲಕ್ಷ್ಮಮ್ಮನಿಗೆ ಹಿಡಿಸಲಿಲ್ಲ. ಒಳಗೆ ಏನನ್ನು ಸರಿಮಾಡಲು ಹೋಗಿದ್ದ?

ತಾಯಿ ಮುನಿಶಾಮಮ್ಮ ದಪ್ಪನೆಯ ಹೆಂಗಸು. ಮಜ್ಜಿಗೆ ಕೊಟ್ಟಳು, ಊಟಕ್ಕೂ ಏಳಿಸಿದಳು. ಗುರುತಿಲ್ಲದವರಿಗೆ ಇಷ್ಟೊಂದು ಉಪಚಾರ ಯಾಕೆ ಎಂದು ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ನೋಡುತ್ತಿದ್ದುದು ಗೋಡೆ ಬದಿಯ ಚಪ್ಪಲಿಗಳನ್ನು. ಸಣ್ಣ ಪಾದದ ಹೆಂಗಸಿನ ಚಪ್ಪಲಿ. ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ರವಿಕೆ ಮುನಿಶಾಮಮ್ಮನ ಒಂದು ತೋಳಿಗೂ ಸಾಲುವಂತಿರಲಿಲ್ಲ.

"ಮನೇಲಿ ಯಾರ್ಯಾರಿದ್ದೀರಮ್ಮ?"

"ನಾನು, ನನ್ನ ಮಗ" ಅಂದಳು ಮುನಿಶಾಮಮ್ಮ. ಆ ಮಾತಿಗೇ ಕೋಣೆಯೊಳಗೆ ಪಾತ್ರೆ ಬಿದ್ದ ಸದ್ದಾಯಿತು. "ಬೆಕ್ಕು" ಎಂದು ಅವಳು ಎಲೆಗೆ ಇನ್ನಷ್ಟು ಸಾರು ಬಡಿಸಿದಳು.

ರಾಮಲಕ್ಷ್ಮಮ್ಮ ಊಟ ಬಿಟ್ಟು ಕೋಣೆಯ ಬಾಗಿಲನ್ನೇ ನೋಡಿದಳು. ಆಗಲೇ ಮದುವೆಯಾಗಿರೋನು, ಹೆಂಡತೀನ ಕೋಣೆಗೆ ಕೂಡಿದ್ದಾರೆ ಎಂದೇ ತೀರ್ಮಾನಿಸಿದಳು. ಅಶ್ವತ್ಥಮ್ಮ ಕೈತೊಳೆಯುವ ನೆಪದಲ್ಲಿ ನೇರ ಹಿತ್ತಲಿಗೆ ನಡೆದಳು. ಕೋಣೆಗೆ ಆ ಕಡೆಯೂ ಒಂದು ಬಾಗಿಲಿತ್ತು. ಅದರ ಮೆಟ್ಟಿಲ ಮೇಲೆ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಹಣೆ ಬರಿದು, ಕೈ ಬರಿದು.

ಅವಳು ಗಾಬರಿಯಾಗಲಿಲ್ಲ. "ನೀವು ಹುಡುಗಿ ಕಡೆಯವರು ಅಲ್ವಾ? ಕೋಲಾರದಿಂದ ಫ್ಯಾನ್ ಹೊತ್ಕೊಂಡು ಇಲ್ಲಿಗೆ ಯಾರು ಬರ್ತಾರೆ?"

"ನೀನ್ಯಾರು ತಾಯೀ?"

"ದೊಡ್ಡ ಸೊಸೆ. ನಾಗಮಣಿ." ಅವಳ ಗಂಡ ಮುನಿಕೃಷ್ಣನ ಅಣ್ಣ. ಪಂಪ್‌ಸೆಟ್ ಕೆಲಸಕ್ಕೆ ಹೋದವನು ಕರೆಂಟು ಹೊಡೆದು ಸತ್ತಿದ್ದ. ಮಕ್ಕಳಿರಲಿಲ್ಲ. ತವರಲ್ಲಿ ಕರೆಯುವವರಿರಲಿಲ್ಲ. ಅತ್ತೆಯೇ ಇಟ್ಟುಕೊಂಡು ಟೀಚರ್ ಟ್ರೈನಿಂಗಿಗೆ ಸೇರಿಸಿದ್ದಳು. ಮೈದುನನಿಗೆ ಬಂದ ಎರಡು ಸಂಬಂಧ ಇವಳನ್ನು ಕಂಡು ಎದ್ದುಹೋಗಿದ್ದವು.

ಅಶ್ವತ್ಥಮ್ಮನಿಗೆ ಕೇಳದಿರಲು ಆಗಲಿಲ್ಲ. "ನಿನಗೂ ಅವನಿಗೂ..."

ನಾಗಮಣಿ ಪುಸ್ತಕ ಮುಚ್ಚಿದಳು. ಅಶ್ವತ್ಥಮ್ಮನ ಬರಿಗೈಯನ್ನು ನೋಡಿ ಕೇಳಿದಳು, "ನಿಮ್ಮನ್ನೂ ಯಾರಾದರೂ ಹೀಗೆ ಕೇಳಿದ್ರಾ ಅಮ್ಮಾ?"

ಅಶ್ವತ್ಥಮ್ಮ ತಿರುಗಿ ಒಳಗೆ ಬಂದಳು. ಬಂದವಳೇ ತಾವು ಯಾರೆಂಬುದನ್ನೂ, ಹಿತ್ತಲಲ್ಲಿ ನಾಗಮಣಿ ಹೇಳಿದ್ದನ್ನೂ ಮುನಿಶಾಮಮ್ಮನ ಎದುರು ಹೇಳಿಬಿಟ್ಟಳು.

"ಒಬ್ಬನೇ ಮಗ, ಮನೇಲಿ ಬೇರೆ ಯಾರೂ ಇಲ್ಲ ಅಂತ ಸುಳ್ಳು ಹೇಳಿಸಿದ್ರಲ್ಲ!" ರಾಮಲಕ್ಷ್ಮಮ್ಮ ಸಿಡಿದಳು.

"ನಿಜ ಹೇಳಿದ್ರೆ ನೀವೂ ಬರ್ತಿರಲಿಲ್ಲ ಕಣಮ್ಮ" ಅಂದಳು ಮುನಿಶಾಮಮ್ಮ.

ಮುನಿಕೃಷ್ಣ ಬಾಗಿಲಲ್ಲಿ ನಿಂತಿದ್ದ. "ಹುಡುಗಿ ನೋಡೋಕೆ ಬಂದಾಗ ನಾನೇ ಹೇಳಬೇಕು ಅಂತಿದ್ದೆ. ಅತ್ತಿಗೆ ಈ ಮನೆ ಬಿಟ್ಟು ಹೋಗಲ್ಲ. ಅದನ್ನ ಒಪ್ಪೋರು ಸಿಗಲಿ ಅಂತಲೇ ಬೇರೇನೂ ಬೇಡ ಅಂದಿದ್ದು."

ಸಾಯಂಕಾಲಕ್ಕೆ ಫ್ಯಾನ್ ರಿಪೇರಿಯಾಯಿತು. ಅದನ್ನು ಚೀಲಕ್ಕೆ ಹಾಕಿಕೊಂಡು ಅಕ್ಕತಂಗಿ ಕದಿರಪ್ಪನ ಖಾಲಿ ಲಾರಿ ಹತ್ತಿದರು. ಘಾಟಿ ಏರುವಾಗ ಇಂಜಿನ್ನಿನ ಸದ್ದಿಗೆ ಕದಿರಪ್ಪನಿಗೆ ಮಾತು ಕೇಳುವಂತಿರಲಿಲ್ಲ.

"ಬೇಡ ಅನ್ನಿಸ್ತದೆ ಅಕ್ಕ. ಒಂದೇ ಸೂರು, ಹೆಚ್ಚುಕಮ್ಮಿ ಒಂದೇ ವಯಸ್ಸು. ನಾಳೆ ನನ್ನ ಮಗಳ ಗತಿ?"

ಅಶ್ವತ್ಥಮ್ಮ ತಂಗಿಯ ಕಡೆ ತಿರುಗಿದಳು. "ನಿನ್ನ ನೋಡೋಕೆ ಕೋದಂಡರಾಮಪ್ಪನ ಕಡೆಯವರು ಬಂದ ದಿನ ನಾನೆಲ್ಲಿದ್ದೆ ಗೊತ್ತೇನೇ?"

ರಾಮಲಕ್ಷ್ಮಮ್ಮ ತಲೆ ತಗ್ಗಿಸಿದಳು. "ಹಿಪ್ಪುನೇರಳೆ ತೋಟದಲ್ಲಿ."

"ಬೆಳಗ್ಗಿಂದ. ಅವರು ಹೋಗೋವರೆಗೂ ಬರಬೇಡ ಅಂದಿದ್ಲು ಅಮ್ಮ. ಒಂದು ಮುದ್ದೆ ತಂದುಕೊಡೋರೂ ಇರಲಿಲ್ಲ. ಆಮೇಲೆ ನಿಮ್ಮತ್ತೆ ನನ್ನ ನೋಡಿದಾಗ ಏನು ಕೇಳಿದ್ಲು? ಹುಳುಮನೆ ಕೆಲಸದೋರ ಜೊತೆ ಒಬ್ಬಳೇ ಇರ್ತಾಳಾ ಅಂತ. ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ ಅಕ್ಕ. ಬಾಯಿ ಬರಲಿಲ್ಲ."

"ನಾನೂ ಇವತ್ತು ಅದನ್ನೇ ಕೇಳಿದೆ, ಆ ಹುಡುಗೀನ" ಎಂದು ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಕ್ಕ ಅತ್ತದ್ದನ್ನು ರಾಮಲಕ್ಷ್ಮಮ್ಮ ನೋಡಿ ವರ್ಷಗಳೇ ಆಗಿದ್ದವು. ಅಕ್ಕನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು.

ಮನೆಗೆ ಬಂದು ಗಂಡನಿಗೂ ಮಗಳಿಗೂ ಎಲ್ಲವನ್ನೂ ಹೇಳಿದಳು. ಕೋದಂಡರಾಮಪ್ಪ ಕದ್ದು ಹೋದದ್ದಕ್ಕೆ ಬೈದ. ಸುಗುಣ ಮಾತ್ರ, "ಶುಕ್ರವಾರ ಆ ಅಕ್ಕನೂ ಬರಲಿ. ನಾನು ಮಾತಾಡಬೇಕು" ಅಂದಳು.

ನಾಗಮಣಿ ಬಂದಳು. ಹುಡುಗಿಯೂ ಅವಳೂ ಮಾವಿನ ತೋಪಿನಲ್ಲಿ ತುಂಬ ಹೊತ್ತು ಓಡಾಡಿದರು. ರಾಮಲಕ್ಷ್ಮಮ್ಮ ಕಿಟಕಿಯಿಂದ ನೋಡುತ್ತಲೇ ಇದ್ದಳು, ಒಂದು ಮಾತೂ ಕೇಳಿಸಲಿಲ್ಲ. ಒಳಗೆ ಬಂದ ಸುಗುಣ "ಆಗಲಿ ಅಮ್ಮ" ಅಂದಳು. ಏನು ಮಾತಾಡಿದರೆಂದು ಎಷ್ಟು ಕೇಳಿದರೂ ಬಾಯಿಬಿಡಲಿಲ್ಲ.

ಶ್ರಾವಣದಲ್ಲಿ ಮದುವೆಯಾಯಿತು. ಆದರೂ ರಾಮಲಕ್ಷ್ಮಮ್ಮನ ಅನುಮಾನ ಅಷ್ಟು ಸುಲಭಕ್ಕೆ ಸಾಯಲಿಲ್ಲ. ಉಪ್ಪಿನಕಾಯಿ ಕೊಡೋಕೆ ಅಂತ, ಹಬ್ಬಕ್ಕೆ ಕರೆಯೋಕೆ ಅಂತ ಆಗಾಗ ಚಿತ್ತೂರಿಗೆ ಹೋಗಿ, ಯಾರು ಯಾರಿಗೆ ಬಡಿಸ್ತಾರೆ, ಯಾರು ಯಾರ ಕಡೆ ನೋಡ್ತಾರೆ ಎಂದು ಗಮನಿಸುತ್ತಿದ್ದಳು. ಏನೂ ಕಾಣದಿದ್ದರೆ, ಇವರು ಮುಚ್ಚಿಡುವುದರಲ್ಲಿ ಜಾಣರು ಅನ್ನಿಸುತ್ತಿತ್ತು.

ಮರುವರ್ಷ ನಾಗಮಣಿಗೆ ಪಲಮನೇರಿನ ಹತ್ತಿರದ ಹಳ್ಳಿಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಅವಳು ಹೊರಟ ದಿನ ರಾಮಲಕ್ಷ್ಮಮ್ಮ ಅಲ್ಲೇ ಇದ್ದಳು. ಬಸುರಿ ಸುಗುಣ ನಾಗಮಣಿಯ ಟ್ರಂಕಿನ ಮೇಲೆ ಕೂತು, ಹೆರಿಗೆ ಆಗೋವರೆಗೂ ಹೋಗಬೇಡ ಎಂದು ಮಗುವಿನಂತೆ ಅಳುತ್ತಿದ್ದಳು. ಮುನಿಕೃಷ್ಣ ಹೆಂಡತಿಯನ್ನು ಎಬ್ಬಿಸಲು ಪರದಾಡುತ್ತಿದ್ದ. ನಾಗಮಣಿ ಪ್ರತಿ ಶನಿವಾರ ಬರ್ತೀನಿ ಎಂದು ಆಣೆಯಿಟ್ಟ ಮೇಲೇ ಅವಳು ಎದ್ದಳು.

ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದ ಮೇಲೆ ರಾಮಲಕ್ಷ್ಮಮ್ಮ ಅಳಿಯನ ಪಕ್ಕ ಬಂದು ನಿಂತಳು. "ಕೂತ್ಕೊಳ್ಳಪ್ಪ, ಕಾಫಿ ಮಾಡ್ತೀನಿ" ಅಂದಳು. ಅವನ ಮುಖವನ್ನು ನೆಟ್ಟಗೆ ನೋಡಿ ಅವಳು ಮಾತಾಡಿದ್ದು ಅದೇ ಮೊದಲು.